ಪಿರಮಿಡ್ಡಿಗೆ ಟೈಲ್ಸ್ ಯಾವಾಗ?

2024ರ ಜನವರಿ ಕೊನೆಯಲ್ಲಿ ಈಜಿಪ್ಟಿನಿಂದ ಒಂದು ವಿಡಿಯೊ ಬಂತು. ಗೀಜಾದ ಮೂರು ಪಿರಮಿಡ್ಡುಗಳಲ್ಲಿ ಚಿಕ್ಕದೊಂದು ಇದೆಯಲ್ಲ, ಮೆಂಕೌರೆ ರಾಜನದ್ದು, ಅದರ ಬುಡದಲ್ಲಿ ಆಳುಗಳು ದೊಡ್ಡ ದೊಡ್ಡ ಗ್ರಾನೈಟ್ ದಿಮ್ಮಿಗಳ ಸುತ್ತ ಕೆಲಸ ಮಾಡುತ್ತಿದ್ದರು. ಅಲ್ಲಿನ ಪುರಾತತ್ವ ಮಂಡಳಿಯ ಆಗಿನ ಮುಖ್ಯಸ್ಥ ಮೊಸ್ತಫಾ ವಜೀರಿ ಇದನ್ನು ಶತಮಾನದ ಯೋಜನೆ ಎಂದು ಕರೆದರು. ಪಿರಮಿಡ್ಡಿನ ಮೈಮೇಲಿಂದ ಉದುರಿದ ಗ್ರಾನೈಟ್ ಹೊದಿಕೆಯನ್ನು ಮತ್ತೆ ಹೊದಿಸುವುದು, ಕಟ್ಟಿದಾಗ ಹೇಗಿತ್ತೋ ಹಾಗೆ ಜಗತ್ತಿಗೆ ತೋರಿಸುವುದು ಅವರ ಆಸೆ. ಮೂರು ವರ್ಷದ ಕೆಲಸ.

ಜನ ಸುಮ್ಮನಿರಲಿಲ್ಲ. ಪಿರಮಿಡ್ಡಿಗೆ ಟೈಲ್ಸ್ ಹಾಕಿಸೋದು ಯಾವಾಗ ಅಂತ ಒಬ್ಬರು ಕೇಳಿದರು. ಪೀಸಾದ ವಾಲಿದ ಗೋಪುರವನ್ನು ನೆಟ್ಟಗೆ ಮಾಡೋದು ಯಾವಾಗ ಅಂತ ಇನ್ನೊಬ್ಬರು. (ಪೀಸಾದ್ದು ನಿಜವಾಗಿಯೂ ನಡೆದಿದೆ. 1990ರಲ್ಲಿ ಬಾಗಿಲು ಹಾಕಿ, ಬುಡದಿಂದ ಮಣ್ಣು ತೆಗೆದು, 2001ರಲ್ಲಿ ಮತ್ತೆ ತೆರೆದರು. ಬೀಳದಷ್ಟು ಮಾತ್ರ ಎತ್ತಿ, ವಾಲಿಕೆಯನ್ನು ಹಾಗೇ ಬಿಟ್ಟರು. ಪೂರ್ತಿ ನೆಟ್ಟಗಾದರೆ ಯಾರು ನೋಡಲು ಹೋಗ್ತಾರೆ, ಅಲ್ವಾ?) ಕೊನೆಗೆ ಸರ್ಕಾರ ಅಲ್ಲಿನ ಹೆಸರಾಂತ ಪುರಾತತ್ವಜ್ಞ ಜಾಹಿ ಹವಾಸ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಫೆಬ್ರುವರಿ ಮಧ್ಯದ ಹೊತ್ತಿಗೆ ಸಮಿತಿ ಒಮ್ಮತದಿಂದ ಬೇಡ ಎಂದಿತು.

ಯಾಕೆ ಬೇಡ ಅನ್ನೋದು ಗೊತ್ತಾಗಬೇಕಾದರೆ ಆ ಪಿರಮಿಡ್ಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೆಂಕೌರೆಯದು ಕಟ್ಟಿದಾಗ ಸುಮಾರು 65 ಮೀಟರ್ ಎತ್ತರ. ಮೇಲಿನ ಭಾಗಕ್ಕೆ ಬಿಳಿ ಸುಣ್ಣದಕಲ್ಲು, ಕೆಳಗಿನ ಹದಿನಾರು ಸಾಲಿಗೆ ಕೆಂಪು ಗ್ರಾನೈಟ್ ಹೊದಿಕೆ. ಆ ಗ್ರಾನೈಟ್ ನೂರಾರು ಕಿಲೋಮೀಟರ್ ದೂರದ ಆಸ್ವಾನಿನಿಂದ ನೈಲ್ ನದಿಯ ಮೇಲೆ ಬಂದದ್ದು. ಈಗ ಕೆಳಗಿನ ಕೆಲವು ಸಾಲು ಮಾತ್ರ ಉಳಿದಿವೆ. ಉಳಿದವನ್ನು ಕಿತ್ತು ಬೇರೆ ಕಟ್ಟಡಕ್ಕೆ ಬಳಸಿಕೊಂಡದ್ದುಂಟು, ಬಿದ್ದು ಮರಳಲ್ಲಿ ಹೂತದ್ದೂ ಉಂಟು. ಹನ್ನೆರಡನೇ ಶತಮಾನದ ಕೊನೆಯಲ್ಲಿ ಸಲಾದಿನ್ ಸುಲ್ತಾನನ ಮಗ ಇಡೀ ಪಿರಮಿಡ್ಡನ್ನೇ ಕೆಡವಿಬಿಡ್ತೀನಿ ಅಂತ ಹೊರಟ. ಎಂಟು ತಿಂಗಳು ಕಷ್ಟಪಟ್ಟು ಉತ್ತರದ ಮುಖದಲ್ಲಿ ಒಂದು ಉದ್ದನೆಯ ಗಾಯ ಮಾಡಿ ಕೈಬಿಟ್ಟ. ಆ ಗಾಯ ಇವತ್ತಿಗೂ ಇದೆ.

ಉಳಿದ ಗ್ರಾನೈಟ್ ಸಾಲುಗಳ ವಿಶೇಷ ಅವುಗಳ ಒರಟುತನದಲ್ಲಿದೆ. ಬಹುತೇಕ ಕಲ್ಲುಗಳ ಹೊರಮೈ ಉಬ್ಬುಬ್ಬಾಗಿದೆ, ಉಳಿ ಹಾಕಿ ನಯ ಮಾಡಿಲ್ಲ. ಮೊದಲು ಕಲ್ಲು ಕೂರಿಸಿ, ಆಮೇಲೆ ಹೊರಮೈ ಕೆತ್ತೋಣ ಅಂದುಕೊಂಡಿದ್ದ ಕೆಲಸ ಅರ್ಧಕ್ಕೇ ನಿಂತಿದೆ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಆ ಜನ ಕೆಲಸ ಮಾಡುತ್ತಿದ್ದ ಕ್ರಮ ಅಲ್ಲಿ ಕಣ್ಣಿಗೆ ಕಾಣುತ್ತದೆ. ಸಮಿತಿಯ ವಾದಗಳಲ್ಲಿ ಮುಖ್ಯವಾದವು ಎರಡು. ಬಿದ್ದ ಕಲ್ಲುಗಳಲ್ಲಿ ಯಾವುದು ಎಲ್ಲಿತ್ತು ಎಂದು ಹೇಳಲು ಸಾಧ್ಯವಿಲ್ಲ. ಮತ್ತೆ ಹೊದಿಸಿದರೆ, ಕಟ್ಟಿದ್ದು ಹೇಗೆ ಎನ್ನುವ ಸಾಕ್ಷಿ ಒಳಗೆ ಮುಚ್ಚಿಹೋಗುತ್ತದೆ.

ಇದು ಬರೀ ಪಂಡಿತರ ಹಟ ಅನ್ನಿಸಬಹುದು. ಆದರೆ 2025ರ ನವೆಂಬರಿನಲ್ಲಿ ಇದೇ ಪಿರಮಿಡ್ಡಿನಿಂದ ಇನ್ನೊಂದು ಸುದ್ದಿ ಬಂತು. ಅದರ ಗ್ರಾನೈಟಿನಲ್ಲಿ ನಯ ಮಾಡಿದ ಜಾಗ ಎರಡೇ. ಒಂದು ಉತ್ತರದ ಬಾಗಿಲ ಸುತ್ತ, ಇನ್ನೊಂದು ಪೂರ್ವದ ಮುಖದಲ್ಲಿ. ಬಾಗಿಲಿರುವ ಕಡೆ ನಯ ಮಾಡಿದ್ದಾರೆ ಅಂದಮೇಲೆ, ಪೂರ್ವದಲ್ಲಿ ಯಾಕೆ ಮಾಡಿದ್ದಾರೆ? ಈ ಒಂದು ಅನುಮಾನ ಇಟ್ಟುಕೊಂಡು ಕೈರೋ ವಿಶ್ವವಿದ್ಯಾಲಯ ಮತ್ತು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ರೇಡಾರ್, ಅಲ್ಟ್ರಾಸೌಂಡ್ ಹಿಡಿದು ಹುಡುಕಿದರು. ಆ ನಯವಾದ ಕಲ್ಲಿನ ಹಿಂದೆ ಗಾಳಿ ತುಂಬಿದ ಎರಡು ಟೊಳ್ಳು ಸಿಕ್ಕವು. ಅಲ್ಲಿ ಬಾಗಿಲಿದೆಯೋ ಇಲ್ಲವೋ, ಆ ಮಾತು ಬೇರೆ. ಒರಟು ಯಾವುದು, ನಯ ಯಾವುದು ಎನ್ನುವ ವ್ಯತ್ಯಾಸ ಕಣ್ಣಿಗೆ ಕಂಡಿದ್ದಕ್ಕೆ ತಾನೇ ಆ ಪ್ರಶ್ನೆ ಹುಟ್ಟಿದ್ದು.

ನಮ್ಮ ಕಡೆಯ ಒಂದು ಈಶ್ವರನ ಗುಡಿ ನೆನಪಾಗುತ್ತದೆ. ಚಿಕ್ಕದು, ಕಲ್ಲಿನದು, ಕಂಬದ ಮೇಲೆ ನಾಲ್ಕಾರು ಸಾಲು ಹಳಗನ್ನಡ ಅಕ್ಷರ ಇತ್ತು. ಊರವರೆಲ್ಲ ಸೇರಿ ಜೀರ್ಣೋದ್ಧಾರ ಮಾಡಿಸಿದರು. ಮುಂದಿನ ಹಬ್ಬಕ್ಕೆ ಹೋದರೆ ನೆಲಕ್ಕೆ ಬಿಳಿ ಟೈಲ್ಸ್, ಕಂಬಕ್ಕೆ ಎಣ್ಣೆ ಬಣ್ಣ, ಮೆಟ್ಟಿಲಿಗೆ ಸ್ಟೀಲ್ ಕಂಬಿ. ಕಮಿಟಿಯಲ್ಲಿದ್ದ ನಮ್ಮ ಸೋದರಮಾವನನ್ನು ಕೇಳಿದೆ, "ಮಾವ, ಆ ಕಂಬದ ಮೇಲೆ ಅಕ್ಷರ ಇತ್ತಲ್ಲ, ಏನಾಯ್ತು?" ಅವರು ನಗುತ್ತಾ, "ಎಲ್ಲೂ ಹೋಗಿಲ್ಲ ಕಣೋ, ಅದರ ಮೇಲೇ ಬಣ್ಣ ಹೊಡೆಸಿದ್ದೀವಿ. ಒಳಗೇ ಇದೆ" ಅಂದರು. ಮಾವ ತಪ್ಪು ಮಾಡಬೇಕೆಂದು ಮಾಡಿದ್ದಲ್ಲ. ಮೂರು ತಿಂಗಳು ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದ್ದರು. ಗುಡಿ ಫಳಫಳ ಅನ್ನುತ್ತಿತ್ತು.

ಜೀರ್ಣೋದ್ಧಾರ ಎನ್ನುವ ಪದ ನಮಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಡುವಾಗ ಅದು ಯಾವ್ಯಾವುದಕ್ಕೆ ಎಂದು ಬರೆಯುತ್ತಾರೆ. ದೇವರ ಅಂಗಭೋಗಕ್ಕೆ (ಪೂಜೆ ಅಲಂಕಾರಕ್ಕೆ), ರಂಗಭೋಗಕ್ಕೆ (ಹಾಡು ಕುಣಿತಕ್ಕೆ), ಮತ್ತೆ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’. ಖಂಡ ಎಂದರೆ ತುಂಡಾದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಒಡೆದದ್ದನ್ನು, ಸೀಳಿದ್ದನ್ನು ಆಗಾಗ ಸರಿಮಾಡಿಸಲು ಇಷ್ಟು ಗದ್ದೆ, ಇಷ್ಟು ಹುಟ್ಟುವಳಿ. ನನಗೆ ಇದರಲ್ಲಿ ಇಷ್ಟವಾಗುವುದು ಅದು ಎಷ್ಟು ಸಣ್ಣದು ಅನ್ನೋದು. ಅದು ಶತಮಾನದ ಯೋಜನೆ ಅಲ್ಲ. ವರ್ಷ ವರ್ಷ ಬರುವ ಹುಟ್ಟುವಳಿಯಲ್ಲಿ ಸೋರುವ ಮಾಳಿಗೆಗೆ ಗಾರೆ ಹಾಕಿಸುವ ಏರ್ಪಾಡು. ಇವತ್ತು ಜಗತ್ತಿನ ಎಲ್ಲ ಕಡೆ ಸ್ಮಾರಕಗಳ ಬಗ್ಗೆ ನಡೆಯುವ ಜಗಳದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಬಿರುಕು ಮುಚ್ಚುವುದಕ್ಕೆ ದುಡ್ಡು ಸಿಗಲ್ಲ, ರಿಬ್ಬನ್ ಕತ್ತರಿಸುವುದಕ್ಕೆ ಸಿಗುತ್ತದೆ.

ಈ ವಿಷಯದಲ್ಲಿ ಪ್ರಪಂಚದ ತಜ್ಞರು 1964ರಲ್ಲಿ ವೆನಿಸ್‌ನಲ್ಲಿ ಸೇರಿ ಕೆಲವು ಮಾತು ಒಪ್ಪಿಕೊಂಡರು. ಅದಕ್ಕೆ ವೆನಿಸ್ ಸನ್ನದು ಅಂತ ಹೆಸರು. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ದುರಸ್ತಿ ನಿಲ್ಲಬೇಕು. ಬಿದ್ದ ಮೂಲ ಕಲ್ಲನ್ನು ಅದರ ಜಾಗಕ್ಕೆ ಎತ್ತಿಡಬಹುದು. ಹೊಸದು ಸೇರಿಸಲೇಬೇಕಾದರೆ ಅದು ಹೊಸದು ಎಂದು ಗೊತ್ತಾಗಬೇಕು. ಕೇಳಲು ಸುಲಭ. ಮಾಡಲು ಹೋದಾಗ ಏನಾಗುತ್ತದೆ ಅನ್ನೋದಕ್ಕೆ ಅಥೆನ್ಸಿನ ಗುಡ್ಡದ ಮೇಲಿರುವ ಹಳೆಯ ಗ್ರೀಕ್ ದೇವಾಲಯ ಪಾರ್ಥೆನಾನ್ ನೋಡಿ.

ಪಾರ್ಥೆನಾನ್ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚುಕಮ್ಮಿ ಗಟ್ಟಿಯಾಗಿ ನಿಂತಿತ್ತು. 1687ರಲ್ಲಿ ತುರ್ಕರು ಅದರೊಳಗೆ ಸಿಡಿಮದ್ದು ಶೇಖರಿಸಿದ್ದಾಗ ವೆನಿಸ್ ಸೈನ್ಯದ ಗುಂಡು ಬಿದ್ದು ಸಿಡಿಯಿತು. ಇದು ಎಲ್ಲರಿಗೂ ಗೊತ್ತಿರುವ ಕತೆ. ಎರಡನೇ ಪೆಟ್ಟು ಬಿದ್ದದ್ದು ಪ್ರೀತಿಯಿಂದ. 1898ರಿಂದ 1933ರವರೆಗೆ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರ್ ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದರು. ಕಲ್ಲಿಗೆ ಕಲ್ಲು ಕಚ್ಚಿಸಲು ಕಬ್ಬಿಣದ ಪಟ್ಟಿ ಹಾಕಿದರು. ಹಳೆಯ ಗ್ರೀಕರೂ ಕಬ್ಬಿಣವನ್ನೇ ಹಾಕಿದ್ದರು. ಆದರೆ ಅವರು ಪಟ್ಟಿಯ ಸುತ್ತ ಸೀಸ ಕರಗಿಸಿ ಹೊಯ್ದಿದ್ದರು. ಸೀಸ ಇದ್ದರೆ ನೀರು ತಾಗಲ್ಲ, ತುಕ್ಕು ಹಿಡಿಯಲ್ಲ. ಬಲಾನೋಸ್ ಸೀಸ ಹೊಯ್ಯಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಊದಿಕೊಂಡಿತು, ಅಮೃತಶಿಲೆ ಒಳಗಿನಿಂದಲೇ ಸೀಳಿತು. ಜತೆಗೆ ಎಷ್ಟೋ ಕಲ್ಲುಗಳನ್ನು ಅಳತೆ ಹೊಂದಿದರೆ ಸಾಕು ಅಂತ ಬೇರೆ ಜಾಗದಲ್ಲಿ ಕೂರಿಸಿದ್ದರು.

ಅದನ್ನು ಬಿಚ್ಚಿ ಮತ್ತೆ ಜೋಡಿಸಲು 1975ರಲ್ಲಿ ಒಂದು ಸಮಿತಿ ಮಾಡಿದರು. ಐವತ್ತು ವರ್ಷವಾದರೂ ಕೆಲಸ ಇದೆ. ಈಗ ಟೈಟಾನಿಯಂ ಬಳಸುತ್ತಾರೆ, ತುಕ್ಕು ಹಿಡಿಯಲ್ಲ. ಹೊಸ ಕಲ್ಲು ಬೇಕಾದರೆ ಹಳೆಯದು ಬಂದ ಪೆಂಟೆಲಿ ಬೆಟ್ಟದಿಂದಲೇ ತರುತ್ತಾರೆ. ಹಳೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿದೆ, ಹೊಸದು ಬೆಳ್ಳಗಿದೆ. ದೂರದಿಂದ ನೋಡಿದರೆ ಹಳೇ ಪಂಚೆಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಪ್ರವಾಸಿಗರಿಗೆ ಬೇಜಾರು. ನನಗಂತೂ ಆ ತೇಪೆಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನು ಜಾಸ್ತಿ ಜನ ಹೇಳಲ್ಲ. ಪಾರ್ಥೆನಾನ್ ನಡುವೆ ಚರ್ಚ್ ಆಗಿತ್ತು, ಆಮೇಲೆ ಮಸೀದಿ ಆಗಿತ್ತು. ಸಿಡಿದ ಮೇಲೆ ಒಳಗೊಂದು ಚಿಕ್ಕ ಮಸೀದಿ ಕಟ್ಟಿದ್ದರು. ಅದೇ ಗುಡ್ಡದ ಮೇಲೆ ಮಧ್ಯಕಾಲದ ಒಂದು ಎತ್ತರದ ಗೋಪುರವೂ ಇತ್ತು. ಗ್ರೀಸ್ ಸ್ವತಂತ್ರವಾದ ಮೇಲೆ ಇವನ್ನೆಲ್ಲ ಒಂದೊಂದಾಗಿ ತೆಗೆದರು. ಕೊನೆಗೆ 1870ರ ದಶಕದಲ್ಲಿ ಆ ಗೋಪುರವೂ ಹೋಯಿತು. ನಾವು ಇವತ್ತು ಪೋಸ್ಟ್‌ಕಾರ್ಡಿನಲ್ಲಿ ನೋಡುವ ಶುದ್ಧ ಗ್ರೀಕ್ ಗುಡ್ಡ ಹತ್ತೊಂಬತ್ತನೇ ಶತಮಾನದವರು ಆರಿಸಿಕೊಂಡದ್ದು. ಹಳೆಯ ರೂಪಕ್ಕೆ ತರ್ತೀವಿ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ಕೇಳಬೇಕೆನ್ನುವುದು ಇದನ್ನೇ. ಯಾವ ಹಳೆಯ ರೂಪ? ಯಾವ ದಿನದ್ದು?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಕಷ್ಟದಲ್ಲಿ ಎದುರಿಸಿದವರು ಕಾಂಬೋಡಿಯಾದ ಬಾಫುವಾನ್ ದೇವಾಲಯದಲ್ಲಿ ಕೆಲಸ ಮಾಡಿದವರು. ಖ್ಮೇರ್ ರಾಜರ ಹಳೆಯ ರಾಜಧಾನಿ ಅಂಕೋರ್ ಥಾಮ್ ಒಳಗಿನ ಹನ್ನೊಂದನೇ ಶತಮಾನದ ಶಿವಾಲಯ ಅದು. ಒಳಗೆ ಮರಳು ಮಣ್ಣಿನ ದಿಬ್ಬ, ಹೊರಗೆ ಕಲ್ಲಿನ ಕವಚ. ಮಳೆ ನೀರು ಇಳಿದಾಗಲೆಲ್ಲ ಮಣ್ಣು ಕಲ್ಲನ್ನು ಹೊರಗೆ ತಳ್ಳುತ್ತಿತ್ತು. 1943ರಲ್ಲಿ ಒಂದು ಭಾಗ ಕುಸಿಯಿತು. ಪೂರ್ತಿ ಬಿಚ್ಚಿ, ಒಳಗೆ ಕಾಂಕ್ರೀಟ್ ಗೋಡೆ ಕೊಟ್ಟು, ಮತ್ತೆ ಜೋಡಿಸುವುದೇ ದಾರಿ ಅಂತ 1960ರಲ್ಲಿ ಫ್ರೆಂಚರು ಬಿಚ್ಚಲು ಶುರು ಮಾಡಿದರು. ಸುಮಾರು ಮೂರು ಲಕ್ಷ ಕಲ್ಲು. ಒಂದೊಂದಕ್ಕೂ ನಂಬರ್ ಹಾಕಿ ಸುತ್ತಲಿನ ಕಾಡಿನಲ್ಲಿ ಸಾಲಾಗಿ ಇಟ್ಟರು. ಯಾವ ನಂಬರಿನದು ಎಲ್ಲಿಗೆ ಅನ್ನುವ ಲೆಕ್ಕವೆಲ್ಲ ಕಾಗದದಲ್ಲಿತ್ತು.

ಎಪ್ಪತ್ತರ ದಶಕದ ಆರಂಭದಲ್ಲಿ ಯುದ್ಧ ಬಂತು, ಕೆಲಸ ನಿಂತಿತು. 1975ರಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ರಾಜಧಾನಿ ನಾಮ್ ಪೆನ್‌ನಲ್ಲಿದ್ದ ಆ ಕಾಗದಗಳು ನಾಶವಾದವು. ಇಪ್ಪತ್ತು ವರ್ಷ ಮೂರು ಲಕ್ಷ ಕಲ್ಲು ಕಾಡಿನಲ್ಲಿ ಪಾಚಿ ಹಿಡಿಯುತ್ತಾ ಬಿದ್ದಿದ್ದವು. ದೇವಸ್ಥಾನ ಒಡೆದವರು ಯಾರು ಅಂತ ಕೇಳಿದರೆ ಅದನ್ನು ಉಳಿಸಲು ಬಂದವರೇ ಅನ್ನಬೇಕಾದ ಪರಿಸ್ಥಿತಿ.

1995ರಲ್ಲಿ ಪಾಸ್ಕಲ್ ರೋಯೆರ್ ಎಂಬ ವಾಸ್ತುಶಿಲ್ಪಿ ಮತ್ತೆ ಶುರು ಮಾಡಿದರು. ಗಾರೆ ಇಲ್ಲದೆ ಕಟ್ಟಿದ ಗುಡಿಯಲ್ಲಿ ಪ್ರತಿ ಕಲ್ಲನ್ನೂ ಪಕ್ಕದ ಕಲ್ಲಿಗೆ ಉಜ್ಜಿ ಉಜ್ಜಿ ಹೊಂದಿಸಿರುತ್ತಾರೆ. ಒಂದು ಕಲ್ಲಿಗೆ ಒಂದೇ ಜಾಗ. ನಮ್ಮ ಚಾಲುಕ್ಯ, ಹೊಯ್ಸಳ ಗುಡಿಗಳನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಹಾಗಾಗಿ ಕಾಗದ ಹೋದರೂ ಕಲ್ಲೇ ತನ್ನ ಜಾಗ ಹೇಳಬೇಕಿತ್ತು. ಹಳೆಯ ಫೋಟೊ, ಅಂಚಿನ ಕೆತ್ತನೆ, ಉಜ್ಜಿದ ಗುರುತು, ಮೊದಲಿನಿಂದ ಕೆಲಸ ಮಾಡಿ ಬದುಕುಳಿದ ಕೆಲವು ಖ್ಮೇರ್ ಆಳುಗಳ ನೆನಪು, ಇವಿಷ್ಟೇ ಆಧಾರ. ಹದಿನಾರು ವರ್ಷ ಹಿಡಿಯಿತು. 2011ರ ಜುಲೈಯಲ್ಲಿ ಮುಗಿಯಿತು.

ಮಧ್ಯೆ ಒಂದು ಸಂದಿಗ್ಧ ಎದುರಾಯಿತು. ಹದಿನಾರನೇ ಶತಮಾನದಲ್ಲಿ ಬೌದ್ಧರು ಇದೇ ಶಿವಾಲಯದ ಕಲ್ಲು ಕಿತ್ತು, ಅದರ ಪಶ್ಚಿಮದ ಗೋಡೆಗೇ ಅಂಟಿಸಿದ ಹಾಗೆ ಮಲಗಿದ ಬುದ್ಧನನ್ನು ಕಟ್ಟಿದ್ದರು. ಅರವತ್ತು ಎಪ್ಪತ್ತು ಮೀಟರ್ ಉದ್ದದ್ದು. ಮೂಲ ಶಿವಾಲಯ ಬೇಕಾದರೆ ಬುದ್ಧನನ್ನು ಬಿಚ್ಚಬೇಕು. ಬುದ್ಧ ಬೇಕಾದರೆ ಶಿವಾಲಯ ಅಪೂರ್ಣ. ಅವರು ಬುದ್ಧನನ್ನು ಉಳಿಸಿಕೊಂಡರು. ಗುಡಿಯ ವಯಸ್ಸು ಅದು ಕಟ್ಟಿದ ದಿನಕ್ಕೆ ನಿಂತುಬಿಡುವುದಿಲ್ಲ ಅಂತ ಅವರು ಒಪ್ಪಿಕೊಂಡಂತೆ.

ಎಲ್ಲರೂ ಇಷ್ಟು ತಾಳ್ಮೆಯವರಲ್ಲ. ಜಾರ್ಜಿಯಾ ದೇಶದ ಕುತೈಸಿಯಲ್ಲಿ ಬಗ್ರಾತಿ ಎಂಬ ಹನ್ನೊಂದನೇ ಶತಮಾನದ ಚರ್ಚ್ ಇದೆ. 1692ರಲ್ಲಿ ತುರ್ಕರು ಅದನ್ನು ಸಿಡಿಸಿದ್ದರು. ಆಗಿನಿಂದ ಛಾವಣಿ ಇಲ್ಲದೆ ಪಾಳುಬಿದ್ದಿತ್ತು, ಹಾಗೇ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಸರ್ಕಾರಕ್ಕೆ ಅದನ್ನು ದೇಶದ ಹೆಮ್ಮೆಯಾಗಿ ಮತ್ತೆ ಎತ್ತಬೇಕಿತ್ತು. 2012ಕ್ಕೆ ಗುಮ್ಮಟ ಸಮೇತ ಹೊಸ ಚರ್ಚ್ ಎದ್ದು ನಿಂತಿತು. 2017ರಲ್ಲಿ ಯುನೆಸ್ಕೊ ಅದನ್ನು ಪಟ್ಟಿಯಿಂದ ತೆಗೆಯಿತು. ಪಾಳು ಬಿದ್ದಾಗ ಇದ್ದ ಗೌರವ ಎದ್ದು ನಿಂತಾಗ ಹೋಯಿತು. ಊರಿನ ಭಕ್ತರಿಗೆ ಮಾತ್ರ ಇದರಿಂದ ಬೇಸರ ಆಗಿರಲಿಕ್ಕಿಲ್ಲ ಬಿಡಿ. ಅವರಿಗೆ ಪ್ರಾರ್ಥನೆಗೆ ಒಂದು ಸೂರು ಸಿಕ್ಕಿತು.

ಹಾಗಂತ ಯುನೆಸ್ಕೊ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಅಂದುಕೊಳ್ಳಬೇಡಿ. ಕ್ರೀಟ್ ದ್ವೀಪದ ಕ್ನೊಸೊಸ್ ಅರಮನೆಯನ್ನು 1900ರಲ್ಲಿ ಅಗೆಯಲು ಶುರು ಮಾಡಿದ ಆರ್ಥರ್ ಇವಾನ್ಸ್ ಅಲ್ಲಿ ಕಾಂಕ್ರೀಟ್ ಸುರಿದು, ಕೆಂಪು ಕಂಬ ನಿಲ್ಲಿಸಿ, ಅರ್ಧ ತಮ್ಮ ಕಲ್ಪನೆಯಲ್ಲೇ ಅರಮನೆ ಕಟ್ಟಿದರು. ಅದು 2025ರಲ್ಲಿ ಆ ದ್ವೀಪದ ಪುರಾತನ ಮಿನೋವನ್ ನಾಗರಿಕತೆಯ ಬೇರೆ ಅರಮನೆಗಳ ಜತೆ ಪಟ್ಟಿಗೆ ಸೇರಿತು. ಆ ಕಾಂಕ್ರೀಟಿಗೂ ನೂರು ವರ್ಷ ಆಗಿದೆಯಲ್ಲ, ಅದೂ ಈಗ ಇತಿಹಾಸವೇ. ತಪ್ಪು ಹಳೆಯದಾದರೆ ಪರಂಪರೆ ಆಗುತ್ತದೆಯೇ? ನಗು ಬರುತ್ತದೆ, ಆದರೆ ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ.

ಪ್ಯಾರಿಸಿನ ನೋತ್ರ್ ದಾಮ್ ಮತ್ತೆ ಎದ್ದು ನಿಂತಿತಲ್ಲ, ಅದಕ್ಕೆ ಯಾಕೆ ಯಾರೂ ಹೀಗೆ ಬೈಯಲಿಲ್ಲ? 2019ರ ಏಪ್ರಿಲ್ 15ರಂದು ಸುಟ್ಟಿತು, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಕಾರಣ ಸರಳ. ಅದು ಹೇಗಿತ್ತು ಅಂತ ಗೊತ್ತಿತ್ತು. ಬೆಂಕಿಗೆ ಕೆಲವು ವರ್ಷ ಮೊದಲೇ ಇಡೀ ಕಟ್ಟಡವನ್ನು ಲೇಸರ್‌ನಲ್ಲಿ ಅಳೆದಿಟ್ಟಿದ್ದರು. ಬಡಗಿಗಳು ಹಳೆಯ ಕ್ರಮದಲ್ಲೇ ಕೊಡಲಿಯಿಂದ ಓಕ್ ತೊಲೆ ಕೆತ್ತಿದರು. ಅಲ್ಲಿಯೂ ಸುಟ್ಟುಹೋದ ಶಿಖರ ಮಧ್ಯಕಾಲದ್ದಲ್ಲ, ವಯೊಲೆ ಲ ದುಕ್ ಎಂಬ ವಾಸ್ತುಶಿಲ್ಪಿ 1859ರಲ್ಲಿ ಕೂರಿಸಿದ್ದು. ಗಾಜಿನ ಛಾವಣಿ ಮಾಡೋಣ ಎಂದವರೂ ಇದ್ದರು. ಕೊನೆಗೆ 1859ರದ್ದನ್ನೇ ಪಡಿಯಚ್ಚಿನಂತೆ ಮಾಡಿದರು.

ಜಪಾನಿನ ಇಸೆ ದೇವಸ್ಥಾನ ಇನ್ನೊಂದು ತುದಿ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ಸುಮಾರು 1300 ವರ್ಷದಿಂದ ನಡೆದುಬಂದದ್ದು. 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಅಲ್ಲಿ ಮರ ಹಳೆಯದಲ್ಲ, ಬಡಗಿಯ ಕೈ ಹಳೆಯದು. ವೆನಿಸ್‌ನ ಮಾತು ಯುರೋಪಿನ ಕಲ್ಲಿಗೆ ಸರಿ, ನಮ್ಮ ಮರಕ್ಕೆ ಹೊಂದಲ್ಲ ಅಂತ ಜಪಾನಿನವರು ವಾದಿಸಿದರು. 1994ರಲ್ಲಿ ನಾರಾ ನಗರದಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು.

ನಮ್ಮ ಹಂಪಿ ಎಲ್ಲಿ ನಿಲ್ಲುತ್ತದೆ? ಐವತ್ತು ರೂಪಾಯಿ ನೋಟು ತೆಗೆದು ನೋಡಿ, ವಿಜಯವಿಠಲ ದೇವಸ್ಥಾನದ ಕಲ್ಲಿನ ರಥ ಇದೆ. ಅದರ ತಲೆ ಮೇಲೆ ಏನೂ ಇಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಆಮೇಲೆ ಅದು ಹೋಯಿತು. ಹಾಗಾದರೆ ಈಗ ಮತ್ತೆ ಕಟ್ಟಬೇಕಾ? ಫೋಟೊ ಇದೆ, ಊಹೆ ಬೇಕಿಲ್ಲ, ವಾದ ಮಾಡಬಹುದು. ಆದರೆ ನೂರಾರು ವರ್ಷ ಹಳೆಯ ಕಲ್ಲಿನ ಚಕ್ರದ ಮೇಲೆ ಇವತ್ತಿನ ಇಟ್ಟಿಗೆ ಭಾರ ಹೇರಲು ನನಗಂತೂ ಮನಸ್ಸು ಬರಲ್ಲ. ಆ ದುಡ್ಡಿದ್ದರೆ ಬಜಾರಿನ ಸಾಲು ಮಂಟಪಗಳ ಮೇಲೆ ಬೆಳೆದ ಗಿಡ ಕೀಳಿಸಿ, ನೀರು ಇಳಿಯದ ಹಾಗೆ ಮಾಡಲಿ. 2024ರ ಮೇ ತಿಂಗಳಲ್ಲಿ ವಿರೂಪಾಕ್ಷನ ಗುಡಿಯ ಮುಂದಿನ ಮಂಟಪದ ಒಂದು ಭಾಗ ಬಿದ್ದದ್ದು ಸುಲ್ತಾನರ ಸೈನ್ಯದಿಂದ ಅಲ್ಲ. ಮಳೆಯಿಂದ. ಖಂಡಸ್ಫುಟಿತಕ್ಕೆ ಬಿಟ್ಟ ಗದ್ದೆ ಈಗ ಯಾರ ಹೆಸರಲ್ಲಿದೆಯೋ.

ಕಂಬ ಎತ್ತಿ ನಿಲ್ಲಿಸುವುದು ಎಷ್ಟು ಕಷ್ಟ ಅನ್ನೋದು ನಾಲ್ಕು ಹುಡುಗರಿಗೆ ಚೆನ್ನಾಗಿ ಗೊತ್ತು. ಹಂಪಿಯಲ್ಲಿ ಕಂಬ ದೂಡಿ ಬೀಳಿಸಿದ ಅವರ ವಿಡಿಯೊ 2019ರ ಫೆಬ್ರುವರಿಯಲ್ಲಿ ಎಲ್ಲ ಕಡೆ ಓಡಾಡಿತು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಜತೆಗೆ ಬೀಳಿಸಿದ್ದನ್ನು ನೀವೇ ನಿಲ್ಲಿಸಿ ಎಂದಿತು. ಬೀಳಿಸಲು ಕೆಲವು ಸೆಕೆಂಡ್ ಸಾಕಾಗಿತ್ತು. ನಿಲ್ಲಿಸುವಾಗ ಪುರಾತತ್ವ ಇಲಾಖೆಯವರು ಪಕ್ಕದಲ್ಲಿ ಇರಬೇಕಾಯಿತು.

ಮುಂದಿನ ಸಲ ಹಂಪಿಗೆ ಹೋದಾಗ ಉಗ್ರನರಸಿಂಹನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ್ದು, 6.7 ಮೀಟರ್ ಎತ್ತರ. ನಿಜವಾಗಿ ಅವನು ಲಕ್ಷ್ಮೀನರಸಿಂಹ, ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಅವಳು ಹೋದ ಮೇಲೆ ನಾವು ಅವನನ್ನು ಉಗ್ರ ಅಂತ ಕರೆದೆವು. 1980ರ ದಶಕದಲ್ಲಿ ಅವನ ದುರಸ್ತಿ ಶುರುವಾಯಿತು. ಮೊಣಕಾಲುಗಳ ಅಡ್ಡಕ್ಕೆ ಹೊಸ ಕಲ್ಲಿನ ಯೋಗಪಟ್ಟಿ ಬಂತು, ಅಷ್ಟರಲ್ಲಿ ಆಕ್ಷೇಪ ಎದ್ದು ಕೆಲಸ ನಿಂತಿತು. ಆ ಪಟ್ಟಿ ಈಗಲೂ ಇದೆ. ಉಳಿದ ಕಲ್ಲಿಗಿಂತ ಬೇರೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಅವನ ಬೆನ್ನ ಕಡೆ ನೋಡಿ. ಲಕ್ಷ್ಮಿಯ ಒಂದು ಕೈ ಮಾತ್ರ ಉಳಿದಿದೆ. ಗಂಡನ ಬೆನ್ನನ್ನು ಹಿಡಿದುಕೊಂಡೇ ಇದೆ.